ಚನ್ನವೀರಮ್ಮ ಕೇಳಿದ್ದು, ಹುಲುಗಮ್ಮ ಹೇಳಿದ್ದು

ಕುರುಗೋಡಿನ ಚನ್ನವೀರಮ್ಮ ಸಿರುಗುಪ್ಪಕ್ಕೆ ನರ್ಸಮ್ಮನಾಗಿ ಬಂದದ್ದು 1964ರ ಬೇಸಿಗೆಯಲ್ಲಿ. ಆಗ ಅವಳಿಗೆ ಇಪ್ಪತ್ತಾರು. ಹದಿನಾರಕ್ಕೆ ಮದುವೆಯಾಗಿ, ಹದಿನೆಂಟು ತುಂಬುವ ಮೊದಲೇ ಗಂಡ ಜ್ವರದಲ್ಲಿ ಹೋಗಿದ್ದ. ಮಕ್ಕಳಿರಲಿಲ್ಲ. ತವರಿಗೆ ಮರಳಿದ ಮಗಳನ್ನು ಅಡುಗೆಮನೆಯ ಮೂಲೆಗೆ ಹಾಕಲು ತಾಯಿ ದೊಡ್ಡಬಸಮ್ಮನಿಗೆ ಮನಸ್ಸಾಗಲಿಲ್ಲ. ಹುಡುಗಿ ಏಳನೇ ತರಗತಿ ಓದಿದ್ದಳು. ಬಳ್ಳಾರಿಯಲ್ಲಿ ಹೆರಿಗೆ ಮಾಡಿಸುವ ತರಬೇತಿ ಕೊಡುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ತಾಯಿ ತಾನೇ ಟ್ರಂಕು ಹೊತ್ತುಕೊಂಡು ಬಂದು ಬಸ್ಸು ಹತ್ತಿಸಿದಳು. ಬಂಧುಬಳಗ ಆಡಿಕೊಂಡಿತು. ಲಿಂಗ ಹಿಡಿಯುವ ಕೈಯಲ್ಲಿ ಕಂಡವರ ಮೈಲಿಗೆ ತೊಳೆಯುವುದೇ ಎಂದಿತು.

ಚನ್ನವೀರಮ್ಮನಿಗೆ ಚಿಕ್ಕಂದಿನಿಂದ ಒಂದು ಚಾಳಿಯಿತ್ತು. ಎದುರಿಗೆ ಬಂದವರನ್ನು ಕೇಳುವುದು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತು ಅವರು ಹೇಳುವುದನ್ನು ಪೂರಾ ಕೇಳಿಸಿಕೊಳ್ಳುವುದು. ಇದು ಸಿರುಗುಪ್ಪದ ಕೆಲಸಕ್ಕೆ ಅನುಕೂಲವಾಯಿತು. ಕಾಲುವೆಯ ನೀರು ಬಂದು ಹತ್ತು ವರ್ಷವಾಗಿದ್ದ ಊರು ಅದು. ಸುತ್ತ ನೋಡಿದಲ್ಲೆಲ್ಲ ಭತ್ತದ ಗದ್ದೆ, ಊರ ಅಂಚಿನಲ್ಲಿ ರೈಸ್‌ಮಿಲ್ಲುಗಳು, ಗಾಳಿ ತುಂಬ ಕುದಿಸಿದ ಭತ್ತದ ವಾಸನೆ. ನಾಟಿಗೂ ಕಳೆಗೂ ಕೊಯ್ಲಿಗೂ ಎಲ್ಲೆಲ್ಲಿಂದಲೋ ಬಂದ ಹೆಂಗಸರು ಕಾಲುವೆಯ ಪಕ್ಕದ ಕೇರಿಗಳಲ್ಲಿ ನೆಲೆಯೂರಿದ್ದರು. ಚನ್ನವೀರಮ್ಮ ಬಗಲಲ್ಲಿ ಚೀಲ ತೂಗುಹಾಕಿಕೊಂಡು ಆ ಕೇರಿಗಳನ್ನೆಲ್ಲ ಸುತ್ತಬೇಕು. ಬಸುರಿಯರನ್ನು ನೋಡಬೇಕು, ಹೆರಿಗೆ ಮಾಡಿಸಬೇಕು. ಕಡಿಮೆ ಮಕ್ಕಳಿದ್ದರೆ ಸುಖ ಎಂಬ ಪಾಠ ಹೇಳಬೇಕು.

ಪಾಠ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅದರ ಬದಲು ಕೇಳುತ್ತಿದ್ದಳು.

"ಮಕ್ಕಳು ಅಂದ್ರ ನಿನಗ ಏನು ಅನಸ್ತತಿ?"

ಅಂಥ ಪ್ರಶ್ನೆಯನ್ನು ಆ ಹೆಂಗಸರಿಗೆ ಹಿಂದೆ ಯಾರೂ ಕೇಳಿರಲಿಲ್ಲ. ಮೊದಲು ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದರು, ಆಮೇಲೆ ಯೋಚಿಸಿ ಹೇಳುತ್ತಿದ್ದರು. ಬಳೆ ಮಾರುವವನ ಹೆಂಡತಿ, ಕೊಡುವವನು ಮೇಲಿದ್ದಾನೆ, ಕೊಟ್ಟದ್ದನ್ನು ನಾವು ಎಣಿಸುತ್ತ ಕೂತರೆ ಅವನಿಗೆ ಬೇಸರವಾಗುತ್ತದೆ ಅಂದಳು. ಅಂಗಡಿ ಸಾವಂತ್ರಮ್ಮ, ಒಬ್ಬನೇ ಸಾಕು, ಇಬ್ಬರಾದರೆ ಮನೆ ಒಡೆಯುತ್ತದೆ ಅಂದಳು. ಹಲ್ಲು ಉದುರಿದ ಒಬ್ಬ ಮುದುಕಿ, ನನ್ನ ಮಕ್ಕಳೇ ನನ್ನ ಕೈಕಾಲು, ಕೈಕಾಲು ಯಾರಾದರೂ ಕಡಿಮೆ ಬೇಡುತ್ತಾರೇನು ಎಂದು ತಿರುಗಿ ಕೇಳಿದಳು. ಚನ್ನವೀರಮ್ಮ ಯಾರನ್ನೂ ತಿದ್ದಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅವರ ಮಾತುಗಳೇ ತಲೆಯಲ್ಲಿ ಸುತ್ತುತ್ತಿದ್ದವು. ತಾನು ಪಡೆಯದ ಮಕ್ಕಳ ಬಗ್ಗೆ ಊರ ಹೆಂಗಸರಿಂದೆಲ್ಲ ಕೇಳಿ ತಿಳಿಯುತ್ತಿದ್ದೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಹುಲುಗಮ್ಮ ಅವಳಿಗೆ ಸಿಕ್ಕಿದ್ದು 1969ರಲ್ಲಿ. ಕಾಲುವೆ ದಂಡೆಯ ಕೇರಿಯಲ್ಲಿ ಹೆರಿಗೆಯೊಂದರಲ್ಲಿ ಕೂಸು ಅಡ್ಡಲಾಗಿದೆ ಎಂದು ಉಚ್ಚೆಂಗೆಪ್ಪನೆಂಬ ಕೂಲಿಯಾಳು ಓಡಿಬಂದ. ಹುಲುಗಮ್ಮ ಅವನ ಹೆಂಡತಿ. ಆದವಾನಿ ಕಡೆಯಿಂದ ಸೊಸೆಯಾಗಿ ಬಂದವಳು, ನೋವು ಹೆಚ್ಚಾದಾಗಲೂ ಸಿಟ್ಟು ಬಂದಾಗಲೂ ತೆಲುಗಿಗೆ ಹೊರಳುತ್ತಿದ್ದಳು. ಚನ್ನವೀರಮ್ಮ ಎರಡು ಗಂಟೆ ಹೆಣಗಿ ಕೂಸನ್ನು ತೆಗೆದಳು. ಹೆಣ್ಣು. ತೊಳೆಯುತ್ತಿದ್ದಾಗ ಬಾಣಂತಿ ಮೊಣಕೈ ಊರಿ ಏಳಲು ನೋಡಿದಳು.

"ನರ್ಸಮ್ಮಾರ, ಎಡಗಿವಿ ಹಿಂದ ನೋಡ್ರಿ. ಏನಾರ ಐತೇನ್ರಿ?"

ಕೂಸಿನ ಎಡಗಿವಿಯ ಹಿಂದೆ ಅಕ್ಕಿಕಾಳಿನಷ್ಟು ಕಪ್ಪು ಮಚ್ಚೆಯೊಂದಿತ್ತು. ಚನ್ನವೀರಮ್ಮ ಹಾಗೆಂದಳು. ಹುಲುಗಮ್ಮ ಅತ್ತಳು, ಅಳುತ್ತಲೇ ನಕ್ಕಳು. "ಬಂದ್ಲು" ಅಂದಳು.

"ಯಾರು ಬಂದ್ಲು?"

"ನಮ್ಮ ಸುಂಕಿ. ಹ್ವಾದ ವರ್ಷ ದಡಾರದಾಗ ಹೋಗಿದ್ಲು. ಮಣ್ಣಿಗೆ ಇಡೋ ಮುಂದ ನಾನೇ ಒಲಿ ಮಸಿ ತಗಂಡು ಕಿವಿ ಹಿಂದ ಹಚ್ಚಿ ಕಳಿಸಿದ್ದೆ. ತಿರುಗಿ ಬಂದ್ರ ಗುರ್ತು ಸಿಗ್ಲಿ ಅಂತ."

ಹುಲುಗಮ್ಮ ಅಲ್ಲಿಯವರೆಗೆ ಮೂರು ಮಕ್ಕಳನ್ನು ಕಳೆದುಕೊಂಡಿದ್ದಳು. ಮೊದಲ ಎರಡು, ತಿಂಗಳು ತುಂಬುವುದರೊಳಗೇ ಹೋದವು. ಅವಕ್ಕೂ ಮಸಿಯ ಗುರುತು ಹಾಕಿದ್ದಳು, ಒಂದಕ್ಕೆ ಹಿಮ್ಮಡಿಯಲ್ಲಿ, ಇನ್ನೊಂದಕ್ಕೆ ಬೆನ್ನಲ್ಲಿ. ಆಮೇಲೆ ಹುಟ್ಟಿದ ಗಂಡುಮಕ್ಕಳಿಬ್ಬರ ಮೈಮೇಲೆ ಅದೇ ಜಾಗಗಳಲ್ಲಿ ಮಚ್ಚೆ ಕಂಡವಂತೆ. ಈಗ ನಾಲ್ಕು ವರ್ಷದವಳಾಗಿ ಸತ್ತಿದ್ದ ಸುಂಕಮ್ಮ ಬಂದಿದ್ದಳು. ಕೂಸಿಗೆ ಮತ್ತೆ ಅದೇ ಹೆಸರಿಟ್ಟರು.

ಚನ್ನವೀರಮ್ಮನಿಗೆ ಇದು ಹೊಸದು. ಬಾಣಂತನ ನೋಡುವ ನೆಪದಲ್ಲಿ ಮತ್ತೆ ಮತ್ತೆ ಹೋದಳು. ಬಾಣಂತನ ಮುಗಿದ ಮೇಲೂ ಹೋದಳು. ಗದ್ದೆಯ ಕೆಲಸವಿಲ್ಲದ ದಿನಗಳಲ್ಲಿ ಹುಲುಗಮ್ಮ ಗುಡಿಸಲ ಮುಂದೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂತಿರುತ್ತಿದ್ದಳು. ಚನ್ನವೀರಮ್ಮ ಎದುರಿಗೆ ಕೂತು ತಾನೂ ಒಂದು ಕಲ್ಲು ತೆಗೆದುಕೊಳ್ಳುತ್ತಿದ್ದಳು.

"ನಿಮ್ಮಲ್ಲಿ ಹಿಂಗಿಲ್ಲೇನ್ರಿ?" ಎಂದು ಹುಲುಗಮ್ಮ ಒಂದು ದಿನ ಕೇಳಿದಳು.

"ನಮ್ಮಲ್ಲಿ ಲಿಂಗ ಕಟ್ಟಿದವರಿಗೆ ಮತ್ತ ಹುಟ್ಟು ಇಲ್ಲ. ಹೋದವರು ಲಿಂಗದಾಗ ಒಂದಾಗಿಬಿಡ್ತಾರ."

"ಅಂದ್ರ ನಿಮ್ಮ ಗಂಡ ಈಗ ಎಲ್ಲೂ ಇಲ್ಲ?"

"ಎಲ್ಲಾ ಕಡಿ ಅದಾರ ಅಂತಾರ."

ಹುಲುಗಮ್ಮ ಕುಟ್ಟುವುದನ್ನು ನಿಲ್ಲಿಸಿದಳು. "ಎಲ್ಲಾ ಕಡಿ ಇದ್ರ ಹುಡುಕಾಕ ಆಗಂಗಿಲ್ಲಲ್ರಿ. ಪಾಪ, ನಿಮಗ ಕಾಯಾಕ ಯಾರೂ ಇಲ್ಲ."

ವಿಧವೆಯಾದ ಮೇಲೆ ಚನ್ನವೀರಮ್ಮನ ಮೇಲೆ ಕನಿಕರ ತೋರಿಸಿದವರು ಬಹಳ ಮಂದಿ. ಬಳೆಗೆ, ಹೂವಿಗೆ, ಮಗುವಿಗೆ ಮರುಗಿದವರಿದ್ದರು. ಕಾಯುವುದಕ್ಕೆ ಯಾರೂ ಇಲ್ಲವಲ್ಲ ಎಂದು ಮರುಗಿದವಳು ಇವಳೊಬ್ಬಳೇ. ಕೋಪ ಬರಲಿಲ್ಲ. ಕ್ವಾರ್ಟರ್ಸಿನ ಕಡೆ ನಡೆಯುತ್ತ, ಹಾಗಾದರೆ ಇಷ್ಟು ವರ್ಷ ನಾನು ಏನು ಮಾಡುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು.

ಮುಂದಿನ ವಾರ ಅವಳು ತಿರುಗಿ ಕೇಳಿದಳು. "ತಿರುಗಿ ಬರೋದು ಖರೇ ಇದ್ರ, ಹೋಗೋದಾದ್ರೂ ಯಾಕ ಹೋಗ್ತಾವು?"

"ಹೊಟ್ಟಿಗೆ ಸಿಗದ ಮನ್ಯಾಗ ಕೂಸು ಹೆಂಗ ನಿಂತಾವು? ಬ್ಯಾಸರಾಗಿ ಹೋಗ್ತಾವು. ಆದ್ರ ಅವ್ವನ ಮ್ಯಾಲೆ ಜೀವ ನೋಡ್ರಿ, ಅದಕ್ಕ ತಿರುಗಿ ಬರ್ತಾವು."

ವರ್ಷಗಟ್ಟಲೆ ಹೀಗೆ ನಡೆಯಿತು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಿಲ್ಲ, ಒಪ್ಪಿಸಲು ನೋಡಲೂ ಇಲ್ಲ. ಒಮ್ಮೆ ಮಾತ್ರ ಮಾತು ಕಷ್ಟದ ಕಡೆ ತಿರುಗಿತು. ಏಪ್ರಿಲ್ ತಿಂಗಳ ಬಿಸಿಲು. ಚನ್ನವೀರಮ್ಮ ಬೆವರು ಒರೆಸಿಕೊಳ್ಳುತ್ತಿದ್ದಳು. ಹುಲುಗಮ್ಮ ತಂಬಿಗೆಯ ಕಡೆ ನೋಡಿ, ಮತ್ತೆ ಇವಳ ಕಡೆ ನೋಡಿ ಹೇಳಿದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಒಂದು ಕೇಳ್ತೀನಿ. ನನ್ನ ಹೊಟ್ಟ್ಯಾಗ ಕೈ ಹಾಕಿ ಕೂಸು ತಗದ್ರಿ. ಐದು ವರ್ಷಾತು, ನಮ್ಮ ಮನಿ ನೀರು ಕುಡದಿಲ್ಲ. ಅದು ಹೆಂಗ ಅಂತ?"

ಚನ್ನವೀರಮ್ಮ ಬೆವರು ಒರೆಸುತ್ತಿದ್ದ ಸೆರಗನ್ನು ಕೆಳಗಿಳಿಸಿದಳು. "ಗೊತ್ತಿಲ್ಲವ್ವ" ಅಂದಳು. "ಅದು ದ್ಯಾವ್ರು ಹೇಳಿದ್ದಲ್ಲ, ಅಷ್ಟು ಗೊತ್ತು. ಕೈ ಹಿಂದ ಹೋಗ್ತತಿ. ಯಾಕ ಹೋಗ್ತತಿ ಅಂತ ಕೈನ್ನ ಕೇಳಿದ್ರ ಹೇಳಂಗಿಲ್ಲ."

"ನನ್ನ ಕೈನೂ ಹಂಗ ರೀ. ಕೊಡಾಕ ಹೋಗ್ತತಿ, ಹಿಂದಕ್ಕ ಬರ್ತತಿ."

ಆವತ್ತು ಚನ್ನವೀರಮ್ಮ ಆ ನೀರು ಕುಡಿಯಲಿಲ್ಲ. ಕುಡಿದದ್ದು ಇನ್ನೂ ಎರಡು ತಿಂಗಳಾದ ಮೇಲೆ. ಅದೇನು ದೊಡ್ಡ ಧೈರ್ಯವಲ್ಲ ಎಂದು ಅವಳಿಗೇ ತಿಳಿದಿತ್ತು, ಏಕೆಂದರೆ ಕುರುಗೋಡಿನಲ್ಲಿ ಆ ಸುದ್ದಿಯನ್ನು ಅವಳು ಬಾಯಿಬಿಡಲಿಲ್ಲ.

1976 ಬಂತು. ಎಮರ್ಜೆನ್ಸಿಯ ಕಾಲ. ಸಂತಾನಹರಣದ ಆಪರೇಶನ್ನಿನ ಕೇಸುಗಳಿಗೆ ಗುರಿ ಬಂತು. ಪ್ರತಿಯೊಬ್ಬ ನರ್ಸಮ್ಮನೂ ತಿಂಗಳಿಗೆ ಇಷ್ಟು ಜನರನ್ನು ಕರೆತರಬೇಕು. ಜೀಪಿನಲ್ಲಿ ಬರುತ್ತಿದ್ದ ಸಾಹೇಬರು ನರ್ಸಮ್ಮಂದಿರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಅಂಕಿ ಓದಿಸುತ್ತಿದ್ದರು. ಚನ್ನವೀರಮ್ಮನ ಅಂಕಿ ಯಾವಾಗಲೂ ಕೆಳಗೆ. "ಊರ ಹೆಂಗಸರ ಜೊತಿ ಹರಟಿ ಹೊಡೆಯಾಕ ಸರ್ಕಾರ ನಿನಗ ಸಂಬಳ ಕೊಡ್ತತೇನಮ್ಮ?" ಎಂದು ಎಲ್ಲರ ಮುಂದೆ ಕೇಳಿದರು. ಸೆಪ್ಟೆಂಬರಿನಲ್ಲಿ ಸಂಬಳ ತಡೆದರು. ಅಕ್ಟೋಬರಿನ ಕೊನೆಯೊಳಗೆ ಹನ್ನೆರಡು ಕೇಸು ಆಗದಿದ್ದರೆ ಮನೆಗೆ ಹೋಗು ಅಂದರು. ಕುರುಗೋಡಿನಲ್ಲಿ ಮಗನ ಮನೆಯಲ್ಲಿದ್ದ ದೊಡ್ಡಬಸಮ್ಮನಿಗೆ ಕಣ್ಣು ಮಂಜಾಗಿತ್ತು, ಅವಳ ಖರ್ಚಿಗೆ ಮಗಳ ಸಂಬಳವೇ ದಿಕ್ಕು. ಕೆಲಸ ಹೋದರೆ ಇಬ್ಬರೂ ಮತ್ತೆ ಅದೇ ಅಡುಗೆಮನೆಯ ಮೂಲೆಗೆ.

ತಿಂಗಳ ಕೊನೆಗೆ ಹನ್ನೊಂದು ಆಗಿತ್ತು. ಒಂದು ಬೇಕಾಗಿತ್ತು.

ಹುಲುಗಮ್ಮನಿಗೆ ಹಿಂದೆಯೇ ಎರಡು ಸಲ ಹೇಳಿ ನೋಡಿದ್ದಳು. ರಕ್ತ ಬಹಳ ಕಡಿಮೆಯಿದೆ, ಇನ್ನೊಂದು ಹೆರಿಗೆ ತಡೆಯಲಾರೆ ಎಂದಿದ್ದಳು. ಅದು ನಿಜವೇ ಆಗಿತ್ತು. ಹುಲುಗಮ್ಮ ಸಾಯುವುದಕ್ಕೆ ಅಂಜುವವಳಲ್ಲ. "ಬಾಗಿಲು ಹಾಕಿದ್ರ ಅವು ಎಲ್ಲಿಂದ ಬರಬೇಕ್ರಿ?" ಎಂದು ಮಾತು ಮುಗಿಸಿದ್ದಳು. ಚನ್ನವೀರಮ್ಮ ಒತ್ತಾಯ ಮಾಡಿರಲಿಲ್ಲ.

ಈ ಸಲ ಅವಳು ಮನೆಯಿಂದ ಹೊರಡುವಾಗಲೇ ಏನು ಹೇಳಬೇಕೆಂದು ಯೋಚಿಸಿಕೊಂಡು ಹೊರಟಳು. ಹುಲುಗಮ್ಮನ ಮನೆಗೆ ಅವಳು ಹಾಗೆ ಹೋದದ್ದು ಅದೇ ಮೊದಲು.

"ಹುಲುಗಮ್ಮ, ನಿನ್ನವು ಹೋಗಿದ್ದು ಎಷ್ಟು?"

"ಮೂರು. ನಿಮಗ ಗೊತ್ತಲ್ರಿ."

"ತಿರುಗಿ ಬಂದಿದ್ದು?"

"ಮೂರು."

"ಮೂವರ ಮೈಮ್ಯಾಲೂ ಗುರ್ತು ಐತಿ?"

"ಐತ್ರಿ."

"ಅಂದ್ಮ್ಯಾಲೆ ಬರೋರೆಲ್ಲ ಬಂದಾರ. ಹೊರಗ ಯಾರೂ ನಿಂತಿಲ್ಲ. ಈಗ ಬಾಗಿಲು ಹಾಕಿದ್ರ ಯಾರಿಗೂ ಅಡ್ಡ ಆಗಂಗಿಲ್ಲ."

ಹುಲುಗಮ್ಮ ಮುಖವೆತ್ತಿ ನೋಡಿದಳು. ಅಂಗಳದಲ್ಲಿ ಏಳು ವರ್ಷದ ಸುಂಕಮ್ಮ ಒಂಟಿಕಾಲಲ್ಲಿ ಕುಂಟುತ್ತ ಬಿಲ್ಲೆ ಆಡುತ್ತಿದ್ದಳು. ಅವಳನ್ನು ನೋಡಿ, ಮತ್ತೆ ಚನ್ನವೀರಮ್ಮನನ್ನು ನೋಡಿ, ನಿಧಾನವಾಗಿ ಕೇಳಿದಳು.

"ಇದನ್ನ ನೀವು ನಂಬಿ ಹೇಳ್ತೀರೇನ್ರಿ ಅಕ್ಕಾರ?"

"ಹೌದು" ಅಂದಳು ಚನ್ನವೀರಮ್ಮ.

ಇಷ್ಟು ವರ್ಷ ತನ್ನ ಮಾತನ್ನು ಮುರಿಯದೆ ಕೇಳಿದವಳು ಹೇಳುತ್ತಿದ್ದಾಳೆ. ಬೇರೆ ಯಾರು ಹೇಳಿದ್ದರೂ ಹುಲುಗಮ್ಮ ಒಪ್ಪುತ್ತಿರಲಿಲ್ಲ. ಮೂರನೆಯ ದಿನ, ಭತ್ತದ ಗೋದಾಮೊಂದನ್ನು ತೊಳೆದು ಮಾಡಿದ್ದ ಕ್ಯಾಂಪಿನಲ್ಲಿ ಅವಳ ಆಪರೇಶನ್ ಆಯಿತು. ಚನ್ನವೀರಮ್ಮ ಪಕ್ಕದಲ್ಲೇ ನಿಂತು ಕೈ ಹಿಡಿದಿದ್ದಳು. ತಡೆದಿದ್ದ ಸಂಬಳ ಬಂತು. ಹುಲುಗಮ್ಮ ವಾರದಲ್ಲಿ ಎದ್ದು ಓಡಾಡಿದಳು, ಹುಣ್ಣಾಗಲಿಲ್ಲ, ಜ್ವರ ಬರಲಿಲ್ಲ. ಎಲ್ಲವೂ ಸರಿಯಾಯಿತು ಎಂದು ಚನ್ನವೀರಮ್ಮ ತನಗೆ ತಾನೇ ಹೇಳಿಕೊಂಡಳು. ಒಳ್ಳೆಯದಕ್ಕೇ ಹೇಳಿದ್ದು ಅಂದುಕೊಂಡಳು. ಆದರೂ ಆ ಮನೆಯ ಕಡೆ ಹೋಗುವುದು ಕಡಿಮೆಯಾಯಿತು. ಹೋದರೂ ಯಾವ ಪ್ರಶ್ನೆಯೂ ಬಾಯಿಗೆ ಬರುತ್ತಿರಲಿಲ್ಲ. ಮಕ್ಕಳ ಕೆಮ್ಮು ನೆಗಡಿ ವಿಚಾರಿಸಿ ಎದ್ದುಬಿಡುತ್ತಿದ್ದಳು.

ಮಾರನೆಯ ವರ್ಷ ಆಗಸ್ಟಿನಲ್ಲಿ, ನಾಟಿ ಜೋರಾಗಿದ್ದ ದಿನಗಳಲ್ಲಿ, ಸುಂಕಮ್ಮ ಕಾಲುವೆಗೆ ಬಿದ್ದಳು. ತಾಯಿ ಗದ್ದೆಯಲ್ಲಿದ್ದಳು. ಹುಡುಗಿ ನಾಟಿಯ ಹೆಂಗಸರಿಗೆಂದು ಬಿಂದಿಗೆಯಲ್ಲಿ ನೀರು ತರಲು ಹೋಗಿದ್ದಳು. ಕಾಲುವೆಯ ಮೆಟ್ಟಿಲು ಪಾಚಿಗಟ್ಟಿತ್ತು, ನೀರು ತುಂಬಿ ಹರಿಯುತ್ತಿತ್ತು. ಬಿಂದಿಗೆ ತೇಲಿ ಹೋದದ್ದನ್ನು ಕಂಡವರು ಕೂಗಿಕೊಂಡರು. ಎರಡು ಮೈಲಿ ಕೆಳಗೆ ತೂಬಿನ ಹತ್ತಿರ ಅವಳು ಸಿಕ್ಕಳು.

ಚನ್ನವೀರಮ್ಮ ಹೋಗುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹುಡುಗಿಯನ್ನು ಗುಡಿಸಲ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಉಚ್ಚೆಂಗೆಪ್ಪ ಗೋಡೆಗೆ ಹಣೆಯೂರಿ ನಿಂತಿದ್ದ. ಹೆಂಗಸರು ಅಳುತ್ತಿದ್ದರು. ಹುಲುಗಮ್ಮ ಅಳುತ್ತಿರಲಿಲ್ಲ. ಎದ್ದು ಒಳಗೆ ಹೋದಳು. ಒಲೆಯ ಕಲ್ಲಿನಿಂದ ಬೆರಳಿಗೆ ಮಸಿ ತೆಗೆದುಕೊಂಡು ಬಂದು ಮಗಳ ತಲೆಯ ಹತ್ತಿರ ಕೂತಳು. ಒದ್ದೆ ಕೂದಲನ್ನು ಸರಿಸಿ ಎಡಗಿವಿಯನ್ನು ಮಡಿಸಿದಳು. ಅಲ್ಲಿ ಆ ಮಚ್ಚೆಯಿತ್ತು.

ಬೆರಳು ಅಲ್ಲೇ ನಿಂತಿತು.

ಅವಳು ತಲೆಯೆತ್ತಿ, ನಿಂತಿದ್ದವರ ನಡುವೆ ಹುಡುಕಿ, ಚನ್ನವೀರಮ್ಮನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದ ಒಂದು ವಿಷಯವನ್ನು ತಿಳಿದವರಲ್ಲಿ ಕೇಳುವಂತೆ ಕೇಳಿದಳು.

"ಅಕ್ಕಾರ, ಈಗ ಎಲ್ಲಿಗಂತ ಗುರ್ತು ಹಾಕಿ ಕಳಿಸ್ಲಿ?"

ಹುಲುಗಮ್ಮ ಉತ್ತರಕ್ಕೆ ಕಾದಳು. ಆಮೇಲೆ ಬೆರಳನ್ನು ತನ್ನ ಸೀರೆಗೆ ಒರೆಸಿಕೊಂಡಳು.

ಆ ವಾರ ಚನ್ನವೀರಮ್ಮ ರಜೆ ಹಾಕಿ ಕುರುಗೋಡಿಗೆ ಹೋದಳು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಾಯಿಯ ಮುಂದೆ ಎಲ್ಲವನ್ನೂ ಹೇಳಿದಳು. ನೀರು ಕುಡಿದದ್ದನ್ನೂ ಹೇಳಿದಳು. ದೊಡ್ಡಬಸಮ್ಮ ಕಾಣದ ಕಣ್ಣುಗಳನ್ನು ಮಗಳ ದನಿ ಬಂದ ಕಡೆ ತಿರುಗಿಸಿ ಕೂತಿದ್ದಳು.

"ಅಕಿಗೆ ರಕ್ತ ಇದ್ದಿಲ್ಲವ್ವ. ಇನ್ನೊಂದು ಹಡದಿದ್ರ ಅಕೀನೇ ಸಾಯ್ತಿದ್ಲು. ನಾನು ಹೇಳಿದ್ದು ತಪ್ಪೇನು?"

"ಅಕಿ ಸಾಯಬಾರದಂತ ಹೇಳಿದ್ಯಾ, ನಿನ್ನ ಕೆಲಸ ಹೋಗಬಾರದಂತ ಹೇಳಿದ್ಯಾ?"

"ಎರಡೂ."

ದೊಡ್ಡಬಸಮ್ಮ ಹೇಳಿದಳು. "ಸಣ್ಣಾಕಿ ಇದ್ದಾಗಿಂದ ನೀನು ಎಲ್ಲರನ್ನೂ ಕೇಳ್ತಿದ್ದಿ. ನನಗ ಹೆಮ್ಮಿ ಇತ್ತು. ಕೇಳಿದ್ದನ್ನ ಏನು ಮಾಡ್ತೀಯಂತ ನಾನು ಒಂದಿನಾನೂ ಕೇಳ್ಲಿಲ್ಲ ನೋಡು." ಸೊಸೆಯನ್ನು ಕರೆದು ಮಗಳಿಗೆ ಮಜ್ಜಿಗೆ ಕೊಡಲು ಹೇಳಿದಳು. ಆ ವಿಷಯ ತಾಯಿಮಗಳ ನಡುವೆ ಮತ್ತೆ ಬರಲಿಲ್ಲ.

ಸಿರುಗುಪ್ಪಕ್ಕೆ ಮರಳಿದ ಚನ್ನವೀರಮ್ಮ ಹೆರಿಗೆಗೆ ಕರೆದಲ್ಲಿಗೆ ಹೋಗುತ್ತಿದ್ದಳು, ಸೂಜಿ ಮಾತ್ರೆ ಕೊಡುತ್ತಿದ್ದಳು, ಬರುತ್ತಿದ್ದಳು. ಹೆಂಗಸರು ತಾವಾಗಿ ಏನಾದರೂ ಹೇಳಲು ಬಂದರೆ ಚೀಲ ಎತ್ತಿಕೊಳ್ಳುತ್ತಿದ್ದಳು. ನರ್ಸಮ್ಮನಿಗೆ ದೊಡ್ಡಸ್ತಿಕೆ ಬಂದಿದೆ ಎಂದು ಕೇರಿಯಲ್ಲಿ ಮಾತಾಯಿತು. ಕೇಸು ತರುವ ಕೆಲಸವನ್ನು ಅವಳು ಬಿಟ್ಟೇಬಿಟ್ಟಳು. ಕಾಲ ಬದಲಾಗಿತ್ತು, ಒತ್ತಾಯವೂ ತಗ್ಗಿತ್ತು. ಆದರೂ ಬಡ್ತಿ ಬಂದಾಗ ಅವಳಿಗಿಂತ ಚಿಕ್ಕವರು ಮೇಲೆ ಹೋದರು. 1979ರಲ್ಲಿ ಅರ್ಜಿ ಹಾಕಿ ಬಳ್ಳಾರಿಗೆ ವರ್ಗ ಮಾಡಿಸಿಕೊಂಡಳು. ಪಾರ್ವತಿನಗರದಲ್ಲಿ ಹಿತ್ತಲ ಕಡೆಯ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಹೆರಿಗೆ ವಾರ್ಡಿನ ಕೆಲಸ, ದಿನಕ್ಕೆ ಹತ್ತು ಹನ್ನೆರಡು ಕೂಸು. ಅವುಗಳ ತಾಯಂದಿರ ಹೆಸರೂ ಅವಳಿಗೆ ನೆನಪಿರುತ್ತಿರಲಿಲ್ಲ. ಹಾಗಿರುವುದೇ ವಾಸಿ ಅನ್ನಿಸಿತ್ತು. ಆದರೆ ಕೂಸನ್ನು ತೊಳೆಯುವಾಗ ಅವಳ ಹೆಬ್ಬೆರಳು ತಾನಾಗಿ ಎಡಗಿವಿಯನ್ನು ಮಡಿಸಿ ನೋಡುತ್ತಿತ್ತು.

1981ರಲ್ಲಿ ದೊಡ್ಡಬಸಮ್ಮ ತೀರಿಕೊಂಡಳು. ಕುರುಗೋಡಿನಲ್ಲಿ ತಾಯಿಯನ್ನು ಸಮಾಧಿಗೆ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ಮೇಲೆ ವಿಭೂತಿ ಸುರಿದರು. ಒಂದಾದಳು ಎಂದರು ಸ್ವಾಮಿಗಳು. ಇನ್ನು ಈ ದನಿ ಯಾವ ಕಡೆಯಿಂದಲೂ ಬರುವುದಿಲ್ಲ ಎಂಬುದಷ್ಟೇ ಚನ್ನವೀರಮ್ಮನಿಗೆ ತಿಳಿಯಿತು. ಕಾಯುವುದಕ್ಕೆ ಯಾರೂ ಇಲ್ಲ ಎಂದು ಹುಲುಗಮ್ಮ ಮರುಗಿದ್ದು ಯಾಕೆಂದು ಆಗ ಅವಳಿಗೆ ಪೂರ್ತಿ ಅರ್ಥವಾಯಿತು. ಹುಲುಗಮ್ಮನ ಕಾಯುವಿಕೆಗೆ ಸುಳ್ಳು ಹೇಳಿ ಬೀಗ ಹಾಕಿದವಳು ತಾನು ಎಂಬುದೂ ಅದರ ಜೊತೆಯಲ್ಲೇ ಬಂತು.

ಮರುವರ್ಷ ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದಳು.

ಹುಲುಗಮ್ಮನ ಕೂದಲು ಬೆಳ್ಳಗಾಗಿತ್ತು. ಇವಳನ್ನು ಕಂಡದ್ದೇ "ಬರ್ರಿ ಅಕ್ಕಾರ, ದಾರಿ ಮರ್ತಿದ್ರೇನು" ಎಂದು ಗೋಣಿತಟ್ಟು ಹಾಸಿದಳು, ನೀರು ಕೊಟ್ಟಳು. ಗಂಡುಮಕ್ಕಳಿಬ್ಬರೂ ರೈಸ್‌ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಉಚ್ಚೆಂಗೆಪ್ಪನಿಗೆ ಕೆಮ್ಮು. ಅದೂ ಇದೂ ಆದ ಮೇಲೆ ಹುಲುಗಮ್ಮ ತಾನೇ ಆ ಮಾತು ತೆಗೆದಳು.

"ಸುಂಕಿ ಹ್ವಾದ ಮ್ಯಾಲೆ ಒಂದು ವರ್ಷ ಹುಚ್ಚಿ ಆಗಿದ್ದೆ ರೀ. ಬಾಗಿಲು ಹಾಕಿಬಿಟ್ಟೀನಿ, ಕೂಸು ಹೊರಗ ನಿಂತು ಬಡೀತತಿ, ಅಂತ ಅನಸ್ತಿತ್ತು. ಆಮ್ಯಾಲೆ ನಿಮ್ಮ ಮಾತು ನೆನಪಾತು. ಬರೋರೆಲ್ಲ ಬಂದಾರ ಅಂದಿದ್ರಿ. ಅಂದ್ರ ಸುಂಕಿ ಬಂದಿದ್ದು ಮುಗೀತು. ಅಕಿಗೆ ತಿರುಗಿ ಬರೋ ಕೆಲಸಿಲ್ಲ. ನಿಮ್ಮೋರಂಗ ಅಕೀನೂ ಒಂದಾಗ್ಯಾಳ. ನೀವು ಓದಿದೋರು, ಪೂಜಿ ಮಾಡೋರು, ಸುಮ್ಮನ ಹೇಳಂಗಿಲ್ಲ. ಆ ಮಾತು ಹಿಡಕಂಡು ಬದುಕೀನಿ."

ಚನ್ನವೀರಮ್ಮನ ಕೈಯಲ್ಲಿ ತಂಬಿಗೆ ಹಾಗೇ ಇತ್ತು. ಎದ್ದು ಬಸ್ಸು ಹಿಡಿದು ಹೋಗಿಬಿಡಬಹುದಿತ್ತು. ಎಷ್ಟೋ ವರ್ಷ ಆಮೇಲೆಯೂ, ಹೋಗಿಬಿಡಬೇಕಾಗಿತ್ತೇನೋ ಎಂದು ಅವಳಿಗೆ ಅನ್ನಿಸುವುದಿತ್ತು. ಆದರೆ ಎರಡನೆಯ ಸಲ ಈ ಮುಖದ ಮುಂದೆ ಕೂತು ಹೌದು ಅನ್ನಲು ಆಗಲಿಲ್ಲ.

"ಹುಲುಗಮ್ಮ, ಆವತ್ತು ನಾನು ನಂಬಿ ಹೇಳ್ಲಿಲ್ಲ. ಒಂದು ಕೇಸು ಕಮ್ಮಿ ಇತ್ತು. ನೀನು ನನಗ ಹೇಳಿಕೊಂಡಿದ್ದನ್ನೇ ಹಿಡಕಂಡು ನಿನಗ ಗಾಳ ಹಾಕಿದೆ."

ಹುಲುಗಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಚನ್ನವೀರಮ್ಮ ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು. ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಹುಲುಗಮ್ಮ ತೆಲುಗಿನಲ್ಲಿ ಏನೋ ಅಂದಳು, ತನ್ನಷ್ಟಕ್ಕೆ. ಆಮೇಲೆ ಕನ್ನಡಕ್ಕೆ ಬಂದಳು.

"ಇದನ್ನ ಹೇಳಾಕ ಬಳ್ಳಾರಿಯಿಂದ ಬಂದ್ರೇನ್ರಿ?"

"ಹೌದು."

"ಹೇಳಿದ್ರ ನಿಮಗ ಹಗುರಾಗ್ತತಿ ಅಂತ?"

ಚನ್ನವೀರಮ್ಮ ತಂಬಿಗೆಯನ್ನು ಕೆಳಗಿಟ್ಟಳು.

"ನಿಮಗ ಹಗುರಾತು. ಈಗ ನಾನು ಏನು ಹಿಡಕಳ್ಲಿ?" ಹುಲುಗಮ್ಮ ಎದ್ದು ನಿಂತಳು. ದನಿ ಏರಿಸಲಿಲ್ಲ. "ಹೋಗ್ರಿ ಅಕ್ಕಾರ. ಬಸ್ಸು ತಪ್ಪತತಿ."

ಮೂರು ವರ್ಷ ಹಾಗೇ ಕಳೆದವು. ಚನ್ನವೀರಮ್ಮ ವಾರ್ಡಿಗೆ ಹೋಗಿ ಬರುತ್ತಿದ್ದಳು. ಪೂಜೆಗೆ ಕೂತರೆ ಅಂಗೈಯ ಲಿಂಗ ಬರೀ ಕಲ್ಲಿನಂತೆ ತಣ್ಣಗಿರುತ್ತಿತ್ತು. ಪೂಜೆ ಬಿಡಲಿಲ್ಲ, ಕೂರುತ್ತಿದ್ದಳು ಅಷ್ಟೇ. ಮನೆಯ ಒಡತಿ ದಾಕ್ಷಾಯಣಮ್ಮ ಸಂಜೆ ಹೊತ್ತು ಮಾತಿಗೆ ಕರೆದರೆ ತಲೆನೋವು ಎನ್ನುತ್ತಿದ್ದಳು.

1985ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಡ್ಯೂಟಿಗೆ ಹೊರಡಲು ಬಾಗಿಲು ತೆರೆದರೆ, ಹಿತ್ತಲ ಕಟ್ಟೆಯ ಮೇಲೆ ಹುಲುಗಮ್ಮ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಗಂಟು. ಉಚ್ಚೆಂಗೆಪ್ಪನನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ನಾಲ್ಕು ದಿನವಾಗಿತ್ತು. ಎದೆಯಲ್ಲಿ ನೀರು ತುಂಬಿದೆ, ಉಳಿಯುವುದು ಕಷ್ಟ ಎಂದಿದ್ದರು. ಅಲ್ಲಿ ಇಲ್ಲಿ ಕೇಳಿಕೊಂಡು ಇವಳ ಮನೆ ಹುಡುಕಿದ್ದಳು.

ಚನ್ನವೀರಮ್ಮ ಆಸ್ಪತ್ರೆಗೆ ಹೋಗಿ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಡಾಕ್ಟರನ್ನು ಕಂಡಳು, ಕಿಟಕಿಯ ಪಕ್ಕದ ಮಂಚ ಕೊಡಿಸಿದಳು, ದಿನವೂ ಗಂಜಿ ಮಾಡಿ ಒಯ್ದಳು. ಹುಲುಗಮ್ಮ ಅವಳ ಕೋಣೆಯಲ್ಲೇ ಮಲಗುತ್ತಿದ್ದಳು, ಸ್ನಾನ ಮಾಡುತ್ತಿದ್ದಳು. ದಾಕ್ಷಾಯಣಮ್ಮ ಯಾವ ಜನ ಎಂದು ವಿಚಾರಿಸಿದಾಗ ಚನ್ನವೀರಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಿಂಗಳ ಕೊನೆಗೆ ಕೋಣೆ ಬಿಡಿ ಎಂದರು ಮನೆಯವರು. ಬಿಡುತ್ತೇನೆ ಎಂದಳು. ಇಷ್ಟರಲ್ಲೂ ಇಬ್ಬರ ನಡುವೆ ಗಂಜಿ, ಮಾತ್ರೆ, ದುಪ್ಪಟಿಯ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಆಸ್ಪತ್ರೆಯ ಹೊರಗಿನ ಬೇವಿನ ನೆರಳಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಹುಲುಗಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ನಿಮ್ಮ ಲಿಂಗದಾಗ ಹ್ವಾದೋರು ಒಬ್ಬರನ್ನೊಬ್ಬರು ಗುರ್ತು ಹಿಡೀತಾರೇನ್ರಿ?"

ಚನ್ನವೀರಮ್ಮ ಲೋಟ ಕೆಳಗಿಟ್ಟಳು. ಶಾಸ್ತ್ರದ ಮಾತು ನಾಲಗೆಯ ತುದಿಯಲ್ಲಿತ್ತು. ಸಮಾಧಾನದ ಮಾತೂ ಇತ್ತು.

"ಗೊತ್ತಿಲ್ಲ ಹುಲುಗಮ್ಮ. ನನಗ ಖರೇನ ಗೊತ್ತಿಲ್ಲ."

ಹುಲುಗಮ್ಮ ತಲೆಯಾಡಿಸಿದಳು. "ನನಗೂ ಈಗೀಗ ಗೊತ್ತಾಗವಲ್ದು. ಮೊದಲು ಎಲ್ಲಾ ಗೊತ್ತಿತ್ತು." ಚಹಾದ ಕೊನೆಯ ಗುಟುಕು ಕುಡಿದಳು. "ಗೊತ್ತಿಲ್ಲ ಅಂತ ನೀವು ಆವತ್ತೂ ಅಂದಿದ್ರ..."

ಮಾತನ್ನು ಅಲ್ಲಿಗೇ ಬಿಟ್ಟಳು. ಚನ್ನವೀರಮ್ಮ ಅದನ್ನು ಮುಗಿಸಲು ಹೋಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಒಳಗಿನಿಂದ ಕೆಮ್ಮು ಕೇಳಿಸಿತು. ಇಬ್ಬರೂ ಎದ್ದರು.

ಉಚ್ಚೆಂಗೆಪ್ಪ ಇನ್ನೂ ಆರು ದಿನ ಬದುಕಿದ್ದ. ಮಕ್ಕಳು ಬಂದು ಹೆಣವನ್ನು ಲಾರಿಯಲ್ಲಿ ಸಿರುಗುಪ್ಪಕ್ಕೆ ಒಯ್ದರು. ಹುಲುಗಮ್ಮ ಹಿಂದುಗಡೆ ಗಂಡನ ಕಾಲ ಹತ್ತಿರ ಕೂತಳು. 'ಹೋಗಿ ಬರ್ತೀನಿ' ಎನ್ನಲಿಲ್ಲ, ಸಾವಿನ ಮನೆಯವರು ಹಾಗೆನ್ನುವ ಪದ್ಧತಿಯಿಲ್ಲ. ಲಾರಿ ಗೇಟು ದಾಟುವವರೆಗೂ ಚನ್ನವೀರಮ್ಮ ನಿಂತಿದ್ದಳು. ಆಮೇಲೆ ವಾರ್ಡಿಗೆ ಹೋದಳು. ಆವತ್ತು ಹದಿಮೂರು ಹೆರಿಗೆಗಳಿದ್ದವು. ಮೋಕಾದಿಂದ ಬಂದಿದ್ದ ಎಳೆಯ ಬಸುರಿಯೊಬ್ಬಳು ಮೂಲೆಯ ಮಂಚದಲ್ಲಿ ಒಬ್ಬಳೇ ಹೆದರಿ ಕೂತಿದ್ದಳು. ಚನ್ನವೀರಮ್ಮ ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತಳು. ಎಷ್ಟೋ ವರ್ಷದ ಮೇಲೆ, ಏನು ಅನ್ನಿಸುತ್ತಿದೆ ಎಂದು ಕೇಳಿದಳು. ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಚನ್ನವೀರಮ್ಮ ಮತ್ತೆ ಕೇಳಲಿಲ್ಲ. ಏಳಲೂ ಇಲ್ಲ.